ಸೂರ್ಯನಿಗೆ ಬೆನ್ನು ಹಾಕಿ ಗ್ರಹಣ ನೋಡುವುದು ಹೇಗೆ?

2027ರ ಆಗಸ್ಟ್ 2ರ ಸಂಜೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ, ಮೋಡ ಅಡ್ಡ ಬರದಿದ್ದರೆ. ನೋಡಲು ಅಂಗೈಯಗಲದ ಕನ್ನಡಿ, ದಪ್ಪ ಕಾಗದ, ಟೇಪು ಇದ್ದರೆ ಸಾಕು.

ಕಾಗದದ ನಡುವೆ ಮೆಣಸಿನ ಕಾಳು ತೂರುವಷ್ಟು ತೂತು ಕತ್ತರಿಸಿ. ಕನ್ನಡಿಗೆ ಅದನ್ನು ಹೊದಿಸಿ ಟೇಪು ಹಚ್ಚಿ. ಮನೆಯ ನೆರಳು ದಾಟಿದ ಅಂಗಳದಲ್ಲಿ ಕನ್ನಡಿಯನ್ನು ಇಟ್ಟಿಗೆಗೆ ಆನಿಸಿ, ಬೆಳಕು ಬಾಗಿಲಿನ ಮೂಲಕ ಕತ್ತಲೆ ಕೋಣೆಯ ಗೋಡೆಗೆ ಬೀಳುವಂತೆ ತಿರುಗಿಸಿ. ದೂರ 10 ಮೀಟರ್ ಇದ್ದರೆ ಬಿಂಬ ಸುಮಾರು 9 ಸೆಂಟಿಮೀಟರ್ ಅಗಲ ಬರುತ್ತದೆ. ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಎರಡು ನಿಮಿಷದಲ್ಲಿ ತನ್ನಷ್ಟೇ ಅಗಲ ಸರಿದುಬಿಡುತ್ತದೆ. ಕನ್ನಡಿಯ ಬಳಿ ದೊಡ್ಡವರೊಬ್ಬರು ಕೂತು ಆಗಾಗ ತಿರುಗಿಸುತ್ತಿರಲಿ. ಅದರೊಳಗೆ ಯಾರೂ ಇಣುಕಬಾರದು.

ಹಂಪಿಯ ವಿರೂಪಾಕ್ಷ ಗುಡಿಯ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡುವುದೂ ಇಂಥದೇ ಸಣ್ಣ ಕಿಂಡಿಯ ಕೆಲಸ.

ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಅರಿಸಿನ ನೀರಿನ ತಟ್ಟೆ ಯಾವುದೂ ಬೇಡ. ಅಕ್ಷಿಪಟಲ ಸುಡುವಾಗ ನೋವೇ ಗೊತ್ತಾಗುವುದಿಲ್ಲ.

ಇನ್ನು ರಾಹುವಿನ ವಿಚಾರ. ದೇವತೆಗಳ ಪಂಕ್ತಿಯಲ್ಲಿ ಕದ್ದು ಕೂತು ಅಮೃತ ಕುಡಿದ ಸ್ವರ್ಭಾನುವನ್ನು ಸೂರ್ಯಚಂದ್ರರು ತೋರಿಸಿಕೊಟ್ಟರು. ವಿಷ್ಣುವಿನ ಚಕ್ರ ಕತ್ತು ಕಡಿಯಿತು. ತಲೆ ರಾಹು, ಮುಂಡ ಕೇತು. ಆ ಹಗೆಗೆ ಸೂರ್ಯನನ್ನು ನುಂಗಿದರೂ ಗಂಟಲ ಕೆಳಗೆ ಹೊಟ್ಟೆಯಿಲ್ಲ, ಸೂರ್ಯ ಹೊರಬೀಳುತ್ತಾನೆ. ಕಥೆ ಸೊಗಸಾಗಿದೆ. ಆದರೆ ಪಂಚಾಂಗದವರ ರಾಹು ಬೇರೆ. ಚಂದ್ರನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಹಾಯುವ ಎರಡು ಬಿಂದುಗಳೇ ರಾಹು, ಕೇತು. ಅಮಾವಾಸ್ಯೆ ಅವುಗಳ ಸಮೀಪ ಬಿದ್ದರಷ್ಟೇ ಚಂದ್ರ ಸೂರ್ಯನಿಗೆ ಅಡ್ಡ ಬರುತ್ತಾನೆ. ಇದು ನೆರಳಿನ ಆಟವೆಂದು ಆರ್ಯಭಟ 499ರ ಸುಮಾರಿಗೇ ಬರೆದಿಟ್ಟ. ಸ್ಪರ್ಶ, ಮೋಕ್ಷದ, ಅಂದರೆ ಗ್ರಹಣ ಹಿಡಿಯುವ, ಬಿಡುವ ಗಳಿಗೆಗಳನ್ನು ವರ್ಷದ ಮೊದಲೇ ಅಚ್ಚು ಹಾಕಿಸಲು ಸಾಧ್ಯವಾಗುವುದು ಈ ಲೆಕ್ಕದಿಂದಲೇ. ಹಸಿದ ರಾಕ್ಷಸ ಇಷ್ಟು ಸಮಯಪಾಲನೆ ಮಾಡುತ್ತಾನೆಯೇ?

ಗ್ರಹಣದ ಹೊತ್ತಿನಲ್ಲಷ್ಟೇ ನಿಲ್ಲುತ್ತದೆಂದು ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವವರೂ ಇದ್ದಾರೆ. ಬುಡ ಸಮನಾಗಿದ್ದರೆ ಅದು ಯಾವ ಮಂಗಳವಾರವೂ ನಿಲ್ಲುತ್ತದೆ. ಬೇಕಾದರೆ ಹಿಂದಿನ ವಾರವೇ ನಿಲ್ಲಿಸಿ ನೋಡಿ.

1980ರ ಫೆಬ್ರುವರಿ 16ರಂದು ಖಗ್ರಾಸ ಗ್ರಹಣದ ಪಟ್ಟಿ ರಾಯಚೂರಿನ ಮೇಲೇ ಹಾದುಹೋಯಿತು. ವಿಜ್ಞಾನಿಗಳು ಜವಳಗೇರಾದಲ್ಲಿ ಉಪಕರಣ ಹೂಡಿ ಕಾದಿದ್ದರು. ಅಂದು ಬಾಗಿಲು ಹಾಕಿಕೊಂಡು ಒಳಗೆ ಕೂತ ಮನೆಗಳೂ ಕಡಿಮೆಯೇನಲ್ಲ.

ಈ ಸಲ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಹತ್ತು ನಿಮಿಷಕ್ಕೊಮ್ಮೆ ಬಿಂಬದ ಅಂಚಿಗೆ ಪೆನ್ಸಿಲ್ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಪಂಚಾಂಗದ ಸಮಯಕ್ಕೆ ತಾಳೆ ಹಾಕುವ ಕೆಲಸ ಮಕ್ಕಳಿಗೆ ಬಿಡಿ.