ಗುಳಿಮಂಡಲಕ್ಕೆ ಇನ್ಫ್ರಾರೆಡ್ ದೀಪ: ನನ್ನ ಅನುಭವ

ರಾತ್ರಿ ಚಿತ್ರ ತೆಗೆಯಲೆಂದು ಮಲಬಾರ್ ಗುಳಿಮಂಡಲದ ಎದುರು ಇನ್ಫ್ರಾರೆಡ್ (ಅತಿಗೆಂಪು) ದೀಪ ಇಟ್ಟರೆ ಅದು ಕೊಂಬೆ ಬಿಟ್ಟು ಹೊರಟುಹೋಗುತ್ತದೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಶಾಖ ಗ್ರಹಿಸುವ ಗುಳಿಯನ್ನೇ ಇಟ್ಟುಕೊಂಡ ಹಾವಿನ ಮುಂದೆ ಈ ಆಟ ನಡೆಯದು ಎಂದು ಈ ಕೆಲಸದಲ್ಲಿ ಪಳಗಿದವರೇ ನನ್ನನ್ನು ತಡೆದಿದ್ದರು. ಆಗುಂಬೆಯ ಬಳಿ ಪರಿಚಿತರೊಬ್ಬರ ತೋಟದಂಚಿನಲ್ಲಿ ಕಳೆದ ಮಳೆಗಾಲ ಸಿಕ್ಕ ದೃಶ್ಯಗಳನ್ನು ನೋಡಿದ ಮೇಲೆ ಅವರೇ ದೀಪದ ವಿವರ ಕೇಳುತ್ತಿದ್ದಾರೆ.

ಕ್ಯಾಮೆರಾ ದೀಪದ ಕಿರಣ ಸುಮಾರು 850 ನ್ಯಾನೋಮೀಟರಿನದು. ಗುಳಿ ಹಿಡಿಯುವುದು ಬೆಚ್ಚಗಿನ ಮೈಯಿಂದ ಹೊಮ್ಮುವ, ಅದಕ್ಕಿಂತ ಬಹಳ ಉದ್ದದ ಅಲೆಗಳನ್ನು. ಹಾವಿಗೆ ಅಡ್ಡಿಯಾಗುವುದು ಬೆಳಕಲ್ಲ, ಉರಿದು ಬಿಸಿಯಾದ ದೀಪದ ಕವಚ. ದೀಪವನ್ನು ಒಂದು ಮಾರು ದೂರದಲ್ಲಿಟ್ಟಾಗ ಹಾವು ತಲೆಯನ್ನು ಮೆಲ್ಲಗೆ ದೀಪದತ್ತ ತಿರುಗಿಸಿ ಬೇಟೆಯ ಭಂಗಿಯನ್ನೇ ಬದಲಿಸುತ್ತಿತ್ತು. ಮೂರು ಮೀಟರಿನಾಚೆಗೆ ಸರಿಸಿದ ಮೇಲೆ ಅತ್ತ ಗಮನವನ್ನೇ ಕೊಡಲಿಲ್ಲ.

ಇಲ್ಲಿಗೆ ಬಂದು ಮುಟ್ಟುವ ಮುನ್ನ ಸಾಕಷ್ಟು ಹಣ ನೀರಿನಲ್ಲಿ ಹೋಯಿತು. ಚಲನೆ ಗುರುತಿಸುವ ಟ್ರೈಲ್ ಕ್ಯಾಮೆರಾ ಹದಿಮೂರು ಸಾವಿರದ ಆಸುಪಾಸಿನದು. ಅದು ಎಚ್ಚರಗೊಳ್ಳುವುದು ಪ್ರಾಣಿಗೂ ಹಿನ್ನೆಲೆಗೂ ಇರುವ ತಾಪದ ವ್ಯತ್ಯಾಸದಿಂದ, ನೆನೆದ ಕೊಂಬೆಯಷ್ಟೇ ತಣ್ಣಗಿರುವ ಹಾವು ಅದರ ಪಾಲಿಗೆ ಇಲ್ಲವೇ ಇಲ್ಲ. ಇಲಿಗಳು ಬಂದವು, ಪುನುಗುಬೆಕ್ಕು ಬಂತು, ಹಾವು ಮಾತ್ರ ಬರಲಿಲ್ಲ. ಕೊನೆಗೆ ಹಳೆಯ ಕ್ಯಾಮೆರಾದ ಒಳಗೆ ಇನ್ಫ್ರಾರೆಡ್ ತಡೆಯುವ ಫಿಲ್ಟರ್ ತೆಗೆಸಿ (ಆರೇಳು ಸಾವಿರ), ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಕಟ್ಟಿ ಬಿಟ್ಟೆ. ಬೂಷ್ಟು ಹಿಡಿದ ಲೆನ್ಸ್ ತೊಳೆಸಲು ಮತ್ತೆ ನಾಲ್ಕು ಸಾವಿರ. ಆ ಮಳೆಗೆ ತೇವ ಹೀರುವ ಸಿಲಿಕಾ ಜೆಲ್ ಒಂದೇ ಸಾಲದು. ಮಂಜು ಕೂರದಂತೆ ನಾನು ಬೇರೆ ಏನು ಮಾಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಿಕ್ಕ ಹಾವು ಕಂದು ಬಣ್ಣದ್ದು. ಅದರಿಂದ ತುಸು ದೂರದಲ್ಲೇ ಹಸಿರಿನದೊಂದಿತ್ತು, ಜಾತಿ ಮಾತ್ರ ಒಂದೇ. ಕಂದು ಹಾವು ಬಾಲವನ್ನು ರೆಂಬೆಗೆ ಸುತ್ತಿ, ಕತ್ತನ್ನು ಎರಡು ಮಡಿಕೆ ಮಾಡಿ, ಮೂತಿಯನ್ನು ನೆಲದತ್ತ ಇಳಿಬಿಟ್ಟು ದಿನಗಟ್ಟಲೆ ಅದೇ ಜಾಗದಲ್ಲಿತ್ತು. ಜೋರು ಮಳೆ ನಿಂತೊಡನೆ ತನ್ನ ಮೈಮೇಲೆ ನಿಂತ ಹನಿಗಳನ್ನೇ ದವಡೆ ಆಡಿಸುತ್ತ ಕುಡಿಯಿತು. ಕಪ್ಪೆಯನ್ನು ಹಿಡಿದದ್ದು ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ. ಮುಂದಿನ ಚಿತ್ರದಲ್ಲಿ ಕಪ್ಪೆ ಆಗಲೇ ಬಾಯಲ್ಲಿತ್ತು, ಇಲಿಯನ್ನು ಕಚ್ಚಿ ಬಿಟ್ಟು ಜಾಡು ಹಿಡಿದು ಹೋಗುವ ಮಂಡಲಗಳ ರೂಢಿಗೆ ಭಿನ್ನವಾಗಿ ಅದನ್ನು ಬಿಡದೆ ಜೋತಾಡಿಸುತ್ತಲೇ ನುಂಗಿತು.

ಅದೇ ಸಲಕರಣೆಯನ್ನು ತರಗೆಲೆಯಲ್ಲಿ ಕುಳಿತ ಗೂನುಮೂತಿಯ ಗುಳಿಮಂಡಲದ ಮರಿಯತ್ತ ತಿರುಗಿಸಿ, ಹುಳುವಿನಂತೆ ಬಾಲದ ತುದಿ ಆಡಿಸಿ ಬೇಟೆಯನ್ನು ಕರೆಯುವುದನ್ನು ಹಿಡಿಯಲು ನೋಡಿದೆ. ಬಣ್ಣವಿಲ್ಲದ ಚಿತ್ರದಲ್ಲಿ ಎಲೆ ಯಾವುದು, ಹಾವು ಯಾವುದು ಎಂಬುದೇ ತಿಳಿಯಲಿಲ್ಲ; ಬಾಲದ ಆಟಕ್ಕೆ ಹತ್ತು ಸೆಕೆಂಡಿನ ಅಂತರವೂ ಹೆಚ್ಚಾಯಿತು. ಅದಕ್ಕೆ ವಿಡಿಯೋವೇ ಬೇಕು.

ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆ. ಈ ಎರಡು ಗುಳಿಮಂಡಲಗಳ ಕಡಿತಕ್ಕೆ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ ಬ್ಯಾಟರಿ ಬದಲಿಸಲು ಕೊಂಬೆಯ ಬಳಿ ಹೋಗದಂತೆ ಉದ್ದದ ತಂತಿ ಎಳೆದು ಅದನ್ನು ಕಾಲುದಾರಿಯ ಬದಿಗೇ ತಂದಿದ್ದೇನೆ. ಇಡೀ ಏರ್ಪಾಡಿನಲ್ಲಿ ಅತ್ಯಂತ ಅಗ್ಗದ್ದು ಆ ತಂತಿಯೇ, ಮುನ್ನೂರು ರೂಪಾಯಿ ಇದ್ದೀತು.