ದುಡ್ಡು ಬೇಡ, ಒಂದು ಗಂಟೆ ಕೂತ್ಕೋ

"ಸಹಾಯ ಕೇಳಿದ್ರೆ ಮರ್ಯಾದೆ ಹೋಗುತ್ತೆ" ಅಂತ ಹೆದರಿಸಿದವರೇ ಮೊದಲು ಇದನ್ನು ಓದಲಿ. ಸಾಲ ತೀರಿತು. ನಿದ್ದೆ ವಾಪಸ್ ಬಂತು. ಮರ್ಯಾದೆಯೂ ಇದ್ದಲ್ಲೇ ಇದೆ.

ಒಬ್ಬರೇ ಕೆಲಸ ಮಾಡುವವರಿಗೆ ಗೊತ್ತು, ಎರಡು ಬಿಲ್ ತಡವಾದರೆ ಸಾಕು, ಎಲ್ಲಾ ಲೆಕ್ಕ ತಪ್ಪುತ್ತದೆ. ನನ್ನ ಕ್ರೆಡಿಟ್ ಕಾರ್ಡ್ ಬಾಕಿ ಸುಮಾರು 4 ತಿಂಗಳ ದುಡಿಮೆಯಷ್ಟಾಗಿತ್ತು. ಕನಿಷ್ಠ ಮೊತ್ತ ಮಾತ್ರ ಕಟ್ಟಿ 'ಈ ತಿಂಗಳು ಬಚಾವ್' ಅಂದುಕೊಳ್ಳುತ್ತಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಗುತ್ತಿತ್ತು.

ಮೊದಲು ಸುಳಿವು ಕೊಟ್ಟು ನೋಡಿದೆ. "ಹೇಗಿದ್ದೀಯ?" ಅಂದವರಿಗೆ "ಏನೋ, ನಡೀತಿದೆ" ಅಂತ ಸ್ವಲ್ಪ ಎಳೆದು ಹೇಳುವುದು. ಯಾರಿಗೂ ಹೊಳೆಯಲಿಲ್ಲ. ಆಮೇಲೆ 40 ಜನರ ವಾಟ್ಸಾಪ್ ಗ್ರೂಪಿಗೆ 'ಕಷ್ಟದಲ್ಲಿದ್ದೇನೆ' ಅಂತ ಹಾಕಿದೆ. ಬಂದಿದ್ದು ಆರೇಳು ಕೈಮುಗಿದ ಚಿತ್ರ. ಅವರನ್ನು ಬೈದು ಪ್ರಯೋಜನವಿಲ್ಲ. ಕೇಳಿಸಿಕೊಂಡವರು ಜಾಸ್ತಿಯಾದಷ್ಟೂ ಒಬ್ಬೊಬ್ಬರೂ 'ಇನ್ಯಾರಾದ್ರೂ ನೋಡ್ಕೋತಾರೆ' ಅಂತ ಸುಮ್ಮನಾಗುತ್ತಾರೆ. ಇದನ್ನು ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ನಾನು ಬಡ್ಡಿ ಕಟ್ಟಿ ಕಲಿತೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ದಿನಕ್ಕೊಂದು ಸಣ್ಣ ಸಹಾಯ ಕೇಳುವುದು. ಈ ಡಬ್ಬ ಎತ್ತಿಕೊಡ್ತೀರಾ, ಈ ಪತ್ರ ಒಮ್ಮೆ ಓದ್ತೀರಾ, ಹೀಗೆ. 20 ದಿನದಲ್ಲಿ ಆಗಲ್ಲ ಅಂದವರು ಮೂರೋ ನಾಲ್ಕೋ. ಅವರೆಲ್ಲ ನಾನು ಮೆಸೇಜಿನಲ್ಲಿ ಕೇಳಿದವರೇ! ಎದುರು ನಿಂತು ಕೇಳಿದಾಗ ಒಬ್ಬರೂ ಇಲ್ಲ ಅನ್ನಲಿಲ್ಲ.

ಹಾಗಾಗಿ ಅಕ್ಕನ ಮನೆಗೆ ಹೊರಟೆ. ಬಾಕಿ, ಬಡ್ಡಿ, ಕಟ್ಟಬೇಕಾದ ದಿನ, ಎಲ್ಲಾ ಒಂದೇ ಹಾಳೆಯಲ್ಲಿ ಬರೆದು ಜೇಬಿಗಿಟ್ಟೆ. ಎರಡು ಸಲ ಗೇಟು ತೆಗೆದು ಹಾಗೇ ವಾಪಸ್ ಬಂದೆ. ಮೂರನೇ ಸಲಕ್ಕೆ ಹಾಳೆ ಮಡಿಕೆಯಲ್ಲಿ ಹರಿದಿತ್ತು. "ದುಡ್ಡು ಬೇಡಕ್ಕ. ಒಂದು ಗಂಟೆ ಕೂತು ಇದನ್ನ ನೋಡು" ಅಂದೆ. ಅದಕ್ಕೂ ಮೊದಲು ಬಾಗಿಲಲ್ಲಿ ಹೇಳಿದ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಸ್ವಂತ ಆಸ್ತಿ.

ಅಕ್ಕ ಕನ್ನಡಕ ಹಾಕಿಕೊಂಡು ಮೊದಲು ಹಾಳೆಗೆ ಟೇಪ್ ಅಂಟಿಸಿದಳು. ಆಮೇಲೆ ಬ್ಯಾಂಕಿಗೆ ನನ್ನ ಕೈಲೇ ಫೋನ್ ಮಾಡಿಸಿದಳು. ಬಾಕಿ ಕಡಿಮೆ ಬಡ್ಡಿಯ ಕಂತುಗಳಾಯಿತು. ತೀರಲು 14 ತಿಂಗಳೋ 15 ತಿಂಗಳೋ ಹಿಡಿಯಿತು.

ಫೋನ್ ಇಟ್ಟ ಮೇಲೆ ಅಕ್ಕ ಕೇಳಿದ್ದು ಒಂದೇ.

"ಹೋದ ವಾರ ಎರಡು ಸಲ ಗೇಟ್ ಸದ್ದಾಯ್ತು. ನೀನೇನಾ?"