ಹಳೆಯ ಎಂಜಿಬಿ ಕೊಳ್ಳುವ ಮೊದಲು ಕೆಳಗೆ ಬಗ್ಗಿ ನೋಡಿ

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ ಇದೆಯಾ? ಪೇಂಟ್ ಹೊಳಪಿಗೆ ಮರುಳಾಗಬೇಡಿ, ಮೊದಲು ತುಕ್ಕು ನೋಡಿ. ಇದಕ್ಕೆ ಬೇರೆ ಚಾಸಿ, ಅಂದರೆ ಕೆಳಗೆ ಭಾರ ಹೊರುವ ಚೌಕಟ್ಟು, ಇಲ್ಲ. ಬಾಡಿಯೇ ಭಾರ ಹೊರಬೇಕು, ಅದರಲ್ಲೂ ಟಾಪ್ ಇಲ್ಲದ ರೋಡ್‌ಸ್ಟರ್‌ನಲ್ಲಿ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಜಾಸ್ತಿ ಭಾರ, ಅವು ಒಳಗಿಂದ ಕೊಳೆತಿದ್ದರೆ ಗಾಡಿ ನಡುವೆಯೇ ಕುಸಿಯುತ್ತದೆ. ಬಾಗಿಲಿನ ಸುತ್ತಲ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯಾ ನೋಡಿ. ಮಾಲೀಕರ ಒಪ್ಪಿಗೆ ಪಡೆದು ಜ್ಯಾಕ್ ಹಾಕಿ ಎತ್ತಿಸಿ, ಆಗ ಸಂದು ಬದಲಾದರೆ ಅಲ್ಲಿಗೇ ಬಿಟ್ಟುಬಿಡಿ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಸಿಲ್‌ಗೆ ಅಂಟದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಅಂತಲೇ ಅರ್ಥ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಯನ್ನೂ ತೆಗೆಸಿ ನೋಡಿ, ಸುಮ್ನೆ ಮಾತು ನಂಬಬೇಡಿ.

1798 ಸಿಸಿ ಎಂಜಿನ್ ಗಟ್ಟಿಮುಟ್ಟು, ಬಿಡಿಭಾಗಗಳೂ ಸಿಗುತ್ತವೆ, ಹಾಗಾಗಿ ಅದರ ಬಗ್ಗೆ ಅಷ್ಟು ಹೆದರಬೇಕಿಲ್ಲ. ಆದರೂ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಬಿಸಿಯಾದ ಮೇಲೆ ಓಡಿಸುತ್ತಾ ಆಯಿಲ್ ಪ್ರೆಷರ್ ಮುಳ್ಳು ನೋಡಿ, ತೀರಾ ಕೆಳಗಿಳಿದರೆ ಬೇರಿಂಗ್ ಸವೆದಿರಬಹುದು. 1967ಕ್ಕಿಂತ ಮುಂಚಿನ ಗಾಡಿಗಳ ಮೊದಲ ಗೇರಿಗೆ ಸಿಂಕ್ರೋ (ಗೇರು ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಭಾಗ) ಇಲ್ಲ, ಓಡುತ್ತಿರುವಾಗ ಅದಕ್ಕೆ ಹಾಕಿದರೆ ಕಿರುಗುಟ್ಟುವುದು ಸಹಜ.

ನನ್ನ ಪ್ರಕಾರ ಎಂಜಿನ್ ಸುಸ್ತಾಗಿದ್ದರೂ ಬಾಡಿ ಗಟ್ಟಿಯಿರುವ ಗಾಡಿಯೇ ಒಳ್ಳೆಯದು. ವೆಲ್ಡಿಂಗ್ ಬಿಲ್ ಕೈಕಚ್ಚುತ್ತದೆ.